ಅಕ್ಟೋಬರ್ 24: ಅಮೆರಿಕದ ವಾಣಿಜ್ಯ ಚರಿತ್ರೆಯಲ್ಲಿ ಒಂದು ದಿನಾಂಕ

ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳಿಗೂ ಚುನಾವಣೆಗಳಿಗೂ ದೊರೆಯುವ ಸ್ಥಾನ ಪೇಟೆಯ ಘಟನೆಗಳಿಗೆ ದೊರೆಯುವುದು ಅಪರೂಪ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಟ್ಟಿಗೆ ಜುಲೈ 4 ಸ್ವಾತಂತ್ರ್ಯದ ದಿನವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ದೇಶದ ವರ್ತಕರು, ಬ್ಯಾಂಕುಗಳು ಹಾಗೂ ಕಾರ್ಖಾನೆಗಳ ಚರಿತ್ರೆಯನ್ನು ದಿನಾಂಕವಾರು ಜೋಡಿಸಿ ನೋಡಿದಲ್ಲಿ ಅಕ್ಟೋಬರ್ 24 ಮತ್ತೆ ಮತ್ತೆ ಎದುರಾಗುತ್ತದೆ. 1861, 1907, 1929, 1931 ಮತ್ತು 1938 ಈ ಐದು ವರ್ಷಗಳಲ್ಲಿ ಇದೇ ದಿನ ನಡೆದ ಘಟನೆಗಳು ಇಂದಿನ ವ್ಯಾಪಾರ ನಡೆಯುವ ರೀತಿಯನ್ನೇ ರೂಪಿಸಿವೆ.

ಒಂದೇ ದಿನಾಂಕ ಬಂದಿರುವುದು ಕೇವಲ ಆಕಸ್ಮಿಕ. ಅದರಲ್ಲಿ ಗ್ರಹಗತಿಯನ್ನು ಹುಡುಕಬೇಕಾಗಿಲ್ಲ. ಆದರೆ ಈ ಘಟನೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಅವುಗಳ ನಡುವೆ ಒಂದು ಸಮಾನವಾದ ಎಳೆ ಕಾಣುತ್ತದೆ. ಸರಿಯಾದ ಮಾಹಿತಿ, ಸಕಾಲದಲ್ಲಿ, ಬರವಣಿಗೆಯಲ್ಲಿ ಇದ್ದೆಡೆ ಸಂಕಟ ದಾಟಿತು. ಇಲ್ಲದೆಡೆ ಸಂಕಟ ಬೆಳೆಯಿತು. ಸಣ್ಣ ವರ್ತಕರಿಗೂ ಉದ್ದಿಮೆದಾರರಿಗೂ ಈ ದಿನಾಂಕದ ಚರಿತ್ರೆ ಉಪಯುಕ್ತವಾಗುವುದು ಈ ಕಾರಣದಿಂದಲೇ.

1861: ಹತ್ತು ದಿನಗಳ ದಾರಿ ಕೆಲವು ನಿಮಿಷಗಳಿಗೆ ಇಳಿಯಿತು

1860ರ ಏಪ್ರಿಲ್‌ನಲ್ಲಿ ಮಿಸೂರಿ ರಾಜ್ಯದ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯದ ಸಾಕ್ರಮೆಂಟೊ ನಗರಕ್ಕೆ ಕುದುರೆ ಸವಾರರ ಮೂಲಕ ಪತ್ರ ಸಾಗಿಸುವ 'ಪೋನಿ ಎಕ್ಸ್‌ಪ್ರೆಸ್' ಸೇವೆ ಆರಂಭವಾಯಿತು. ಸುಮಾರು 1,900 ಮೈಲಿಗಳ ದಾರಿಯನ್ನು ಸವಾರರು ಸರದಿಯಂತೆ ಸುಮಾರು ಹತ್ತು ದಿನಗಳಲ್ಲಿ ಕ್ರಮಿಸುತ್ತಿದ್ದರು. ಅರ್ಧ ಔನ್ಸ್ ತೂಕದ ಪತ್ರಕ್ಕೆ ಆರಂಭದಲ್ಲಿ 5 ಡಾಲರ್ ದರವಿದ್ದಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಆದರೂ ಚಿನ್ನದ ವ್ಯಾಪಾರ ನಡೆಯುತ್ತಿದ್ದ ಪಶ್ಚಿಮ ತೀರಕ್ಕೆ ಪೂರ್ವದ ಸುದ್ದಿಯನ್ನು ಅಷ್ಟು ಬೇಗ ತಲುಪಿಸುವ ಬೇರೆ ಮಾರ್ಗವಿರಲಿಲ್ಲ.

ಅದೇ 1860ರಲ್ಲಿ ಅಮೆರಿಕದ ಸಂಸತ್ತು ಖಂಡದಾಚೆಗೆ ತಂತಿ ಹಾಕುವವರಿಗೆ ಹತ್ತು ವರ್ಷಗಳ ಕಾಲ ವರ್ಷಕ್ಕೆ 40,000 ಡಾಲರ್ ಮೀರದಂತೆ ಸಹಾಯಧನ ನೀಡುವ ಕಾಯಿದೆ ಮಾಡಿತು. ಪೂರ್ವದಿಂದಲೂ ಪಶ್ಚಿಮದಿಂದಲೂ ಎರಡು ತಂಡಗಳು ಕಂಬ ನೆಡುತ್ತ ಬಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಸಂಧಿಸಿದವು. 1861ರ ಅಕ್ಟೋಬರ್ 24ರಂದು ತಂತಿ ಪೂರ್ಣಗೊಂಡಿತು. ಆಗ ಅಂತರ್ಯುದ್ಧದ ಕಾಲ. ಕ್ಯಾಲಿಫೋರ್ನಿಯದ ಮುಖ್ಯ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಅವರು ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರಿಗೆ ತಮ್ಮ ರಾಜ್ಯವು ಒಕ್ಕೂಟಕ್ಕೆ ನಿಷ್ಠವಾಗಿರುವುದೆಂಬ ಸಂದೇಶವನ್ನು ಕಳುಹಿಸಿದರು.

ಎರಡೇ ದಿನಗಳ ನಂತರ, ಅಕ್ಟೋಬರ್ 26ರಂದು, ಪೋನಿ ಎಕ್ಸ್‌ಪ್ರೆಸ್ ಮುಚ್ಚಿರುವುದಾಗಿ ಘೋಷಿಸಲಾಯಿತು. ಅದರ ಆಯುಷ್ಯ ಕೇವಲ ಹತ್ತೊಂಬತ್ತು ತಿಂಗಳು. ಸವಾರರ ಧೈರ್ಯದಲ್ಲಾಗಲಿ ಕುದುರೆಗಳ ವೇಗದಲ್ಲಾಗಲಿ ಕೊರತೆಯಿರಲಿಲ್ಲ. ಅವರು ಮಾರುತ್ತಿದ್ದ ಸರಕು ವೇಗವಾದ ಸುದ್ದಿ. ಅದನ್ನು ಬೇರೊಬ್ಬರು ಇನ್ನೂ ವೇಗವಾಗಿ ಒದಗಿಸಿದರು. ದೂರದ ಊರಿನ ದರ ತನಗೊಬ್ಬನಿಗೇ ಮೊದಲು ತಿಳಿದಿದೆಯೆಂಬ ಆಧಾರದ ಮೇಲೆ ಲಾಭ ಮಾಡುವ ವ್ಯಾಪಾರಕ್ಕೆ ಅಂದಿನಿಂದ ಆಯುಷ್ಯ ಕಡಿಮೆಯಾಯಿತು.

1907: ಹದಿನಾರು ನಿಮಿಷಗಳಲ್ಲಿ ಒಟ್ಟಾದ ಹಣ

1907ರಲ್ಲಿ ಅಮೆರಿಕಕ್ಕೆ ಕೇಂದ್ರ ಬ್ಯಾಂಕ್ ಇರಲಿಲ್ಲ. ಸಂಕಟ ಒದಗಿದರೆ ಬ್ಯಾಂಕುಗಳಿಗೆ ಕೊನೆಯ ಆಸರೆಯಾಗಿ ನಿಲ್ಲುವ ಸಂಸ್ಥೆಯೇ ಇರಲಿಲ್ಲ. ಅಕ್ಟೋಬರ್ ಮಧ್ಯಭಾಗದಲ್ಲಿ ಯುನೈಟೆಡ್ ಕಾಪರ್ ಎಂಬ ತಾಮ್ರದ ಕಂಪನಿಯ ಷೇರುಗಳನ್ನು ಒಂದೇ ಕೈಗೆ ಕೂಡಿಹಾಕಿ ಬೆಲೆ ಏರಿಸುವ ಪ್ರಯತ್ನವೊಂದು ವಿಫಲವಾಯಿತು. ಅದರಲ್ಲಿ ತೊಡಗಿದ್ದವರ ಸಂಪರ್ಕವುಳ್ಳ ಬ್ಯಾಂಕುಗಳ ಮೇಲೆ ಜನರ ಅನುಮಾನ ಹರಡಿತು. ಅಕ್ಟೋಬರ್ 22ರಂದು ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಕಂಪನಿಯ ಮುಂದೆ ಠೇವಣಿದಾರರ ಸಾಲು ನಿಂತಿತು. ಮೂರು ಗಂಟೆಗಳೂ ಕಳೆಯುವ ಮೊದಲೇ ಸುಮಾರು 80 ಲಕ್ಷ ಡಾಲರ್ ಪಾವತಿಸಿದ ಆ ಸಂಸ್ಥೆ ಬಾಗಿಲು ಮುಚ್ಚಿತು.

ಮರುದಿನ ಅದೇ ಸಾಲು ಟ್ರಸ್ಟ್ ಕಂಪನಿ ಆಫ್ ಅಮೆರಿಕದ ಮುಂದೆ ಬೆಳೆಯಿತು. ಆಗ ಎಪ್ಪತ್ತು ವರ್ಷ ವಯಸ್ಸಿನ ಬ್ಯಾಂಕರ್ ಜೆ. ಪಿ. ಮಾರ್ಗನ್ ಅವರ ಕಡೆಗೆ ಎಲ್ಲರ ಕಣ್ಣು ತಿರುಗಿತು. ಅವರು ತಕ್ಷಣ ಹಣ ನೀಡಲಿಲ್ಲವೆಂಬುದು ಗಮನಾರ್ಹ. ಬ್ಯಾಂಕರ್ಸ್ ಟ್ರಸ್ಟ್ ಸಂಸ್ಥೆಯ ಯುವ ಅಧಿಕಾರಿ ಬೆಂಜಮಿನ್ ಸ್ಟ್ರಾಂಗ್ ಅವರ ತಂಡ ರಾತ್ರಿಯಿಡೀ ಕುಳಿತು ಆ ಕಂಪನಿಯ ಲೆಕ್ಕಪತ್ರಗಳನ್ನು ಪರಿಶೀಲಿಸಿತು. ಕಂಪನಿಯಲ್ಲಿ ನಗದು ಸಾಲದು, ಆದರೆ ಆಸ್ತಿ ಹೊಣೆಗಾರಿಕೆಗಿಂತ ಹೆಚ್ಚಿದೆ ಎಂದು ಸ್ಟ್ರಾಂಗ್ ವರದಿ ಮಾಡಿದ ನಂತರವೇ, ತಕ್ಕ ಅಡಮಾನದ ಮೇಲೆ ಸಾಲ ಮಂಜೂರಾಯಿತು. ನಿಕರ್‌ಬಾಕರ್ ಸಂಸ್ಥೆಯ ಲೆಕ್ಕ ನೋಡಿ ಮುಗಿಸಲು ಸಮಯ ಸಾಲದಿದ್ದುದರಿಂದ ಅದಕ್ಕೆ ನೆರವು ದೊರೆತಿರಲಿಲ್ಲ.

ಅಕ್ಟೋಬರ್ 24, ಗುರುವಾರ. ಈ ಬಾರಿ ಸಂಕಟ ಷೇರುಪೇಟೆಯನ್ನು ತಲುಪಿತು. ದಲ್ಲಾಳಿಗಳು ಕೇಳಿದ ಕೂಡಲೇ ಮರಳಿಸಬೇಕಾದ ಅಲ್ಪಾವಧಿ ಸಾಲದ ಮೇಲೆ ವ್ಯವಹರಿಸುತ್ತಿದ್ದರು. ಆ ಸಾಲದ ಬಡ್ಡಿದರ ಅಂದು ಶೇಕಡ 100ಕ್ಕೆ ಏರಿತು. ಆ ದರಕ್ಕೂ ಹಣ ಹುಟ್ಟುವುದು ಕಷ್ಟವಾಯಿತು. ಮಧ್ಯಾಹ್ನ ಷೇರು ವಿನಿಮಯ ಕೇಂದ್ರದ ಅಧ್ಯಕ್ಷ ರ‍್ಯಾನ್ಸಮ್ ಥಾಮಸ್ ಅವರು ಮಾರ್ಗನ್ ಅವರ ಕಚೇರಿಗೆ ಧಾವಿಸಿ ವ್ಯವಹಾರವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಗುವುದೆಂದು ತಿಳಿಸಿದರು. ಹಾಗೆ ನಿಲ್ಲಿಸಿದರೆ ಭೀತಿ ಇಮ್ಮಡಿಯಾಗುವುದೆಂದು ಮಾರ್ಗನ್ ಅರಿತಿದ್ದರು. ಎರಡು ಗಂಟೆಗೆ ಬ್ಯಾಂಕುಗಳ ಮುಖ್ಯಸ್ಥರನ್ನು ಕರೆಸಲಾಯಿತು. ಎರಡು ಗಂಟೆ ಹದಿನಾರು ನಿಮಿಷದ ವೇಳೆಗೆ 14 ಮಂದಿ 2 ಕೋಟಿ 36 ಲಕ್ಷ ಡಾಲರ್ ನೀಡಲು ಒಪ್ಪಿದ್ದರು. ಎರಡೂವರೆಗೆ ಹಣ ಪೇಟೆಗೆ ಬಂದಿತು. ಮೂರು ಗಂಟೆಗೆ ವ್ಯವಹಾರ ಎಂದಿನಂತೆ ಮುಗಿಯುವಷ್ಟರಲ್ಲಿ 1 ಕೋಟಿ 90 ಲಕ್ಷ ಡಾಲರ್ ಸಾಲವಾಗಿ ಹೋಗಿದ್ದಿತು.

ಅಂದೇ ಎಲ್ಲವೂ ಸರಿಹೋಯಿತೆಂದಲ್ಲ. ಸಂಕಟ ನವೆಂಬರ್‌ವರೆಗೂ ಮುಂದುವರಿಯಿತು. ಆದರೆ ಪೇಟೆ ಮುಚ್ಚುವುದು ತಪ್ಪಿತು. ಇಡೀ ದೇಶದ ಹಣಕಾಸು ಒಬ್ಬ ವೃದ್ಧರ ಕಚೇರಿಯನ್ನು ಅವಲಂಬಿಸಿರುವುದು ಅಪಾಯಕರವೆಂಬ ಅರಿವಿನಿಂದ ಮುಂದೆ 1913ರ ಡಿಸೆಂಬರ್ 23ರಂದು ಫೆಡರಲ್ ರಿಸರ್ವ್ ಕಾಯಿದೆ ಬಂದಿತು. ರಾತ್ರಿಯಿಡೀ ಲೆಕ್ಕ ನೋಡಿದ ಬೆಂಜಮಿನ್ ಸ್ಟ್ರಾಂಗ್ ಅವರೇ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಆದರು.

1929: ಅದೇ ಮನೆ, ಅದೇ ಮದ್ದು, ಬೇರೆ ರೋಗ

ಇಪ್ಪತ್ತೆರಡು ವರ್ಷಗಳ ನಂತರ ಅಕ್ಟೋಬರ್ 24 ಮತ್ತೆ ಗುರುವಾರವೇ ಬಂದಿತು. ಚರಿತ್ರೆ ಅದನ್ನು 'ಕಪ್ಪು ಗುರುವಾರ' ಎಂದು ಕರೆಯುತ್ತದೆ. 1929ರ ಸೆಪ್ಟೆಂಬರ್ 3ರಂದು 381 ಅಂಶಗಳನ್ನು ಮುಟ್ಟಿದ್ದ ಡೌ ಜೋನ್ಸ್ ಸೂಚ್ಯಂಕ ಆಗಲೇ ಇಳಿಮುಖವಾಗಿದ್ದಿತು. ಆ ಗುರುವಾರ ಬೆಳಿಗ್ಗೆ ಮಾರುವವರೇ ಎಲ್ಲರೂ, ಕೊಳ್ಳುವವರು ಯಾರೂ ಇಲ್ಲವೆಂಬ ಸ್ಥಿತಿ ಉಂಟಾಯಿತು. ದಿನದ ಕೊನೆಗೆ ಕೈಬದಲಾದ ಷೇರುಗಳ ಸಂಖ್ಯೆ 1,28,94,650. ದರಗಳನ್ನು ಪಟ್ಟಿಯ ಮೇಲೆ ಮುದ್ರಿಸಿ ದೇಶಕ್ಕೆಲ್ಲ ತಿಳಿಸುವ ತಂತಿಯಂತ್ರ ಈ ಭಾರವನ್ನು ತಾಳಲಾರದೆ ನಾಲ್ಕು ಗಂಟೆಗಳಷ್ಟು ಹಿಂದುಳಿಯಿತು. ತನ್ನ ಷೇರಿನ ಅಂದಿನ ದರವೇನೆಂಬುದು ದೂರದ ಊರಿನವನಿಗೆ ರಾತ್ರಿಯವರೆಗೂ ತಿಳಿಯಲಿಲ್ಲ. 1861ರ ತಂತಿ ನೀಡಿದ್ದ ವರವನ್ನು ಅಂದಿನ ಮಟ್ಟಿಗೆ ಭೀತಿ ಕಸಿದುಕೊಂಡಿತು. ದರ ತಿಳಿಯದವನು ಕೆಟ್ಟದ್ದನ್ನೇ ಊಹಿಸಿ ಮಾರಾಟಕ್ಕೆ ಆದೇಶ ನೀಡಿದನು.

ಮಧ್ಯಾಹ್ನ ಹನ್ನೆರಡಕ್ಕೆ ಬ್ಯಾಂಕರುಗಳು ವಾಲ್ ಸ್ಟ್ರೀಟ್ 23ನೇ ಸಂಖ್ಯೆಯ ಮಾರ್ಗನ್ ಸಂಸ್ಥೆಯ ಕಚೇರಿಯಲ್ಲೇ ಸೇರಿದರು. ಹಿರಿಯ ಮಾರ್ಗನ್ 1913ರಲ್ಲಿಯೇ ತೀರಿಕೊಂಡಿದ್ದರು. ಸಂಸ್ಥೆಯ ಪರವಾಗಿ ಥಾಮಸ್ ಲಾಮೊಂಟ್ ಸಭೆ ನಡೆಸಿದರು. 1907ರ ನೆನಪು ಎಲ್ಲರಲ್ಲಿಯೂ ಇದ್ದಿತು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ವಿನಿಮಯ ಕೇಂದ್ರದ ಉಪಾಧ್ಯಕ್ಷ ರಿಚರ್ಡ್ ವಿಟ್ನಿ ಅವರು ಪೇಟೆಯ ನಡುವೆ ನಡೆದುಬಂದು ಯು.ಎಸ್. ಸ್ಟೀಲ್ ಕಂಪನಿಯ 10,000 ಷೇರುಗಳನ್ನು ಚಾಲ್ತಿ ದರಕ್ಕಿಂತ ಹೆಚ್ಚಾದ 205 ಡಾಲರಿಗೆ ಕೊಳ್ಳುವುದಾಗಿ ಎಲ್ಲರಿಗೂ ಕೇಳುವಂತೆ ಕೂಗಿದರು. ಪೇಟೆ ಚೇತರಿಸಿಕೊಂಡಿತು. ಅಂದು ಸೂಚ್ಯಂಕ ಸುಮಾರು ಶೇಕಡ 2ರಷ್ಟು ಮಾತ್ರ ಇಳಿದು 299ರಲ್ಲಿ ನಿಂತಿತು.

ಆದರೆ ಮದ್ದು ನಾಲ್ಕು ದಿನವೂ ನಿಲ್ಲಲಿಲ್ಲ. ಅಕ್ಟೋಬರ್ 28ರ ಸೋಮವಾರ ಸುಮಾರು ಶೇಕಡ 13, ಮರುದಿನ ಮಂಗಳವಾರ ಸುಮಾರು ಶೇಕಡ 12 ಬೆಲೆ ಕುಸಿಯಿತು. 1932ರ ಜುಲೈ 8ರಂದು ಸೂಚ್ಯಂಕ 41ಕ್ಕೆ ಇಳಿಯಿತು. 1929ರ ಎತ್ತರವನ್ನು ಮತ್ತೆ ಮುಟ್ಟಲು 1954ರವರೆಗೆ ಕಾಯಬೇಕಾಯಿತು.

ಅದೇ ಮನೆ, ಅದೇ ರೀತಿಯ ಸಭೆ. ಆದರೂ ಫಲ ಬೇರೆಯಾದುದೇಕೆ? 1907ರಲ್ಲಿ ಕೊರತೆಯಿದ್ದುದು ನಗದಿಗೆ. ಆಸ್ತಿ ಇದ್ದವನಿಗೆ, ಲೆಕ್ಕ ನೋಡಿ, ಅಡಮಾನ ಪಡೆದು ಸಾಲ ನೀಡಲಾಯಿತು. 1929ರಲ್ಲಿ ಕೊರತೆಯಿದ್ದುದು ಮೌಲ್ಯಕ್ಕೆ. ಷೇರುಗಳ ಬೆಲೆಯೇ ಸಾಲದ ಗಾಳಿಯಿಂದ ಉಬ್ಬಿದ್ದಿತು. ಆ ಅಕ್ಟೋಬರ್ ಆರಂಭದಲ್ಲಿ ದಲ್ಲಾಳಿಗಳು ಷೇರುಗಳ ಮೇಲೆ ಪಡೆದಿದ್ದ ಸಾಲ 850 ಕೋಟಿ ಡಾಲರುಗಳನ್ನು ಮೀರಿದ್ದಿತು. ಕೊಳ್ಳುವವನು ಬೆಲೆಯ ಒಂದು ಭಾಗವನ್ನು ಮಾತ್ರ ಕೈಯಿಂದ ಹಾಕಿ ಉಳಿದುದನ್ನು ಸಾಲ ಪಡೆಯುತ್ತಿದ್ದನು. 25 ಡಾಲರ್ ಸ್ವಂತ ಹಣಕ್ಕೆ 75 ಡಾಲರ್ ಸಾಲ ಸೇರಿಸಿ 100 ಡಾಲರಿನ ಷೇರು ಕೊಂಡವನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಲೆ 75ಕ್ಕೆ ಇಳಿದ ಕ್ಷಣ ಅವನ ಬಂಡವಾಳ ಪೂರ್ತಿ ಹೋಯಿತು. ಸಾಲ ಮಾತ್ರ ಉಳಿಯಿತು. ಇಂತಹವನಿಗೆ ಇನ್ನೊಬ್ಬರು ಒಂದು ಗಂಟೆಯ ಕಾಲ ಬೆಲೆ ಎತ್ತಿ ಹಿಡಿದರೆ ಪ್ರಯೋಜನವೇನು?

ಕುಸಿತವೊಂದೇ ಮುಂದಿನ ಮಹಾ ಆರ್ಥಿಕ ಮುಗ್ಗಟ್ಟಿಗೆ ಕಾರಣವೆನ್ನಲಾಗದು. 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದುದೂ, 1907ರಲ್ಲಿ ಇಲ್ಲದಿದ್ದ ಕೇಂದ್ರ ಬ್ಯಾಂಕ್ ಈಗ ಇದ್ದೂ ಅವುಗಳ ನೆರವಿಗೆ ಸಾಕಷ್ಟು ಬಾರದೇ ಹೋದುದೂ ದೊಡ್ಡ ಕಾರಣಗಳು. ಷೇರು ಕೊಂಡವರಿಗೆ ಕಂಪನಿಗಳ ನಿಜಸ್ಥಿತಿ ತಿಳಿಯದಿದ್ದುದೂ ಅಷ್ಟೇ ದೊಡ್ಡ ದೋಷವೆಂದು ಆಗ ಕಂಡುಬಂದಿತು. 1933 ಮತ್ತು 1934ರ ಕೇಂದ್ರ ಕಾಯಿದೆಗಳು ಸಾರ್ವಜನಿಕರಿಗೆ ಷೇರು ಮಾರುವ ಕಂಪನಿಗಳು ಸ್ವತಂತ್ರ ಲೆಕ್ಕಪರಿಶೋಧಕರಿಂದ ದೃಢೀಕೃತವಾದ ಲೆಕ್ಕಗಳನ್ನು ಪ್ರಕಟಿಸಬೇಕೆಂದು ವಿಧಿಸಿದವು. ಅಂದು ಧೈರ್ಯವಾಗಿ ಕೂಗಿದ ವಿಟ್ನಿ ಅವರ ಕಥೆಯೂ ಇದಕ್ಕೆ ಪೂರಕ. ಅವರ ಸ್ವಂತ ದಲ್ಲಾಳಿ ಸಂಸ್ಥೆ 1938ರಲ್ಲಿ ದಿವಾಳಿಯಾಯಿತು. ತಮ್ಮ ವಶದಲ್ಲಿದ್ದ ಇತರರ ಹಣವನ್ನು ದುರ್ಬಳಕೆ ಮಾಡಿಕೊಂಡ ಅಪರಾಧಕ್ಕಾಗಿ ಅವರು ಸೆರೆಮನೆ ಸೇರಿದರು.

1931: ಖಾತೆ ಪುಸ್ತಕ ನುಡಿದ ಸಾಕ್ಷ್ಯ

1931ರ ಅಕ್ಟೋಬರ್ 24ರ ಘಟನೆ ನಡೆದದ್ದು ನ್ಯೂಯಾರ್ಕಿನಿಂದ ದೂರದ ಷಿಕಾಗೊ ನಗರದಲ್ಲಿ. ಮದ್ಯ ನಿಷೇಧದ ಕಾಲದಲ್ಲಿ ಕಳ್ಳ ಮದ್ಯ ಹಾಗೂ ಜೂಜಿನಿಂದ ಅಪಾರ ಹಣ ಗಳಿಸಿದ್ದ ಅಲ್ ಕಪೋನ್‌ಗೆ ಅಂದು ನ್ಯಾಯಾಧೀಶ ಜೇಮ್ಸ್ ವಿಲ್ಕರ್‌ಸನ್ 11 ವರ್ಷಗಳ ಸೆರೆವಾಸ ಹಾಗೂ 50,000 ಡಾಲರ್ ದಂಡ ವಿಧಿಸಿದರು. ಕೊಲೆ, ಸುಲಿಗೆಗಳ ಆರೋಪ ಅವನ ಮೇಲೆ ಸಾಬೀತಾಗಿರಲಿಲ್ಲ. ಶಿಕ್ಷೆಯಾದುದು ಆದಾಯ ತೆರಿಗೆ ವಂಚನೆ ಹಾಗೂ ವಿವರಪತ್ರ ಸಲ್ಲಿಸದ ಅಪರಾಧಗಳಿಗಾಗಿ.

ಕಪೋನ್ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಟ್ಟಿರಲಿಲ್ಲ. ಎಲ್ಲವೂ ನಗದು ವ್ಯವಹಾರ. ಆದರೆ ಅಕ್ರಮ ವ್ಯವಹಾರಕ್ಕೂ ಪಾಲುದಾರರಿರುತ್ತಾರೆ. ಪಾಲುದಾರರಿದ್ದ ಮೇಲೆ ಯಾರಾದರೊಬ್ಬರು ಲೆಕ್ಕ ಬರೆಯಲೇಬೇಕು. ತೆರಿಗೆ ಇಲಾಖೆಯ ಫ್ರ್ಯಾಂಕ್ ವಿಲ್ಸನ್ ಅವರು ಹಳೆಯ ದಾಳಿಯೊಂದರಲ್ಲಿ ವಶಪಡಿಸಿಕೊಂಡು ಮೂಲೆಗೆ ಹಾಕಿದ್ದ ಜೂಜುಕಟ್ಟೆಯ ಖಾತೆ ಪುಸ್ತಕಗಳನ್ನು ಪತ್ತೆ ಮಾಡಿ, ಅಕ್ಷರದ ಹೋಲಿಕೆಯಿಂದ ಅದನ್ನು ಬರೆದ ಗುಮಾಸ್ತನನ್ನೂ ಹುಡುಕಿ ತೆಗೆದರು. ಇದರೊಂದಿಗೆ, ತೆರಿಗೆ ಇಲಾಖೆಯೊಡನೆ ರಾಜಿಗೆ ಯತ್ನಿಸುವಾಗ ಕಪೋನ್‌ನ ವಕೀಲರು ಅವನಿಗೆ ಆದಾಯವಿದ್ದುದನ್ನು ಒಪ್ಪಿ ಬರೆದಿದ್ದ ಪತ್ರವೂ ಅವನ ವಿರುದ್ಧವೇ ಸಾಕ್ಷ್ಯವಾಯಿತು. ಅಕ್ರಮ ಗಳಿಕೆಗೂ ತೆರಿಗೆಯುಂಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿಯೇ ತೀರ್ಪಿತ್ತಿದ್ದಿತು.

ಪ್ರಾಮಾಣಿಕ ವರ್ತಕನಿಗೂ ಕಪೋನ್‌ಗೂ ಹೋಲಿಕೆಯಿಲ್ಲ. ಆದರೂ ಒಂದು ಅಂಶ ಎಲ್ಲರಿಗೂ ಅನ್ವಯಿಸುತ್ತದೆ. ಬರೆಯದೆ ಬಿಟ್ಟ ವ್ಯವಹಾರ ಇನ್ನೊಬ್ಬರ ಪುಸ್ತಕದಲ್ಲಿ ಬರೆದೇ ಇರುತ್ತದೆ. ಕೊಟ್ಟವನ ಖರ್ಚು ಪಡೆದವನ ಜಮಾ ಆಗಲೇಬೇಕೆಂಬ ಜೋಡಿ ನಮೂದಿನ ನಿಯಮ ತೆರಿಗೆ ಅಧಿಕಾರಿಯ ಕೈಯಲ್ಲಿ ಬಲವಾದ ಅಸ್ತ್ರ.

1938: ಗಂಟೆಗೆ 25 ಸೆಂಟ್

ಐದನೆಯ ಘಟನೆ ಕಾರ್ಖಾನೆಗೆ ಸಂಬಂಧಿಸಿದ್ದು. ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರು 1938ರ ಜೂನ್ 25ರಂದು ಸಹಿ ಮಾಡಿದ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯಿದೆ ಆ ವರ್ಷದ ಅಕ್ಟೋಬರ್ 24ರಿಂದ ಜಾರಿಗೆ ಬಂದಿತು. ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ, ವಾರಕ್ಕೆ 44 ಗಂಟೆ ಕೆಲಸ, ಅದಕ್ಕೂ ಮೀರಿದರೆ ಒಂದೂವರೆ ಪಟ್ಟು ಕೂಲಿ, ಮಕ್ಕಳ ದುಡಿಮೆಗೆ ನಿರ್ಬಂಧ ಇವು ಅದರ ಮುಖ್ಯಾಂಶಗಳು. ಇದೇ ದಿನಾಂಕದಂದು 1939ರಲ್ಲಿ ಕೂಲಿ 30 ಸೆಂಟಿಗೆ ಏರಿ ವಾರದ ಅವಧಿ 42 ಗಂಟೆಗೆ ಇಳಿಯಿತು. 1940ರಲ್ಲಿ ಅವಧಿ 40 ಗಂಟೆಗೆ ಇಳಿಯಿತು. ಒಮ್ಮೆಗೇ ಹೊರೆ ಹೇರದೆ, ಉದ್ದಿಮೆದಾರನಿಗೆ ವರ್ಷವರ್ಷದ ಅಂದಾಜು ಮುಂಚಿತವಾಗಿಯೇ ತಿಳಿಯುವಂತೆ ಕಾಯಿದೆ ರಚಿಸಲಾಗಿದ್ದಿತು.

ವಿರೋಧ ಬಾರದೇ ಇರಲಿಲ್ಲ. ಜಾರ್ಜಿಯ ರಾಜ್ಯದ ಡಾರ್ಬಿ ಎಂಬ ಮರ ಕೊಯ್ಯುವ ಉದ್ದಿಮೆಯ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಕಡಿಮೆ ಕೂಲಿಯ ಜೊತೆಗೆ, ಕೆಲಸದ ಗಂಟೆಗಳ ದಾಖಲೆ ಇಡದಿದ್ದುದೂ ಅಲ್ಲಿನ ಆರೋಪಗಳಲ್ಲೊಂದು. 1941ರ ಫೆಬ್ರವರಿ 3ರಂದು ನ್ಯಾಯಾಲಯ ಕಾಯಿದೆಯನ್ನೂ ದಾಖಲೆ ಇಡುವ ಕರ್ತವ್ಯವನ್ನೂ ಒಮ್ಮತದಿಂದ ಎತ್ತಿಹಿಡಿಯಿತು. ಒಬ್ಬ ತಯಾರಕ ಕೂಲಿ ಕಡಿತದಿಂದ ಬೆಲೆ ಇಳಿಸಿದರೆ, ನ್ಯಾಯವಾಗಿ ಕೂಲಿ ಕೊಡುವ ಇನ್ನೊಬ್ಬ ತಯಾರಕ ಪೇಟೆಯಲ್ಲಿ ಸೋಲುತ್ತಾನೆ. ಕಾಯಿದೆ ಕಾರ್ಮಿಕನಿಗಷ್ಟೇ ಅಲ್ಲದೆ ಪ್ರಾಮಾಣಿಕ ಉದ್ದಿಮೆದಾರನಿಗೂ ರಕ್ಷಣೆಯಾಯಿತು. ಭಾರತದಲ್ಲಿ ಕನಿಷ್ಠ ವೇತನ ಅಧಿನಿಯಮ ಬಂದುದು ಇದಾದ ಹತ್ತು ವರ್ಷಗಳ ಬಳಿಕ, 1948ರಲ್ಲಿ.

2008: ಸಂಕಟ ಮುಂಬಯಿಗೂ ತಲುಪಿತು

ಈ ದಿನಾಂಕ ಭಾರತದ ಪೇಟೆಯನ್ನೂ ಮುಟ್ಟದೆ ಬಿಡಲಿಲ್ಲ. 2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ 158 ವರ್ಷಗಳ ಹಳೆಯ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಅದರ ಬಿಸಿ ಪ್ರಪಂಚಕ್ಕೆಲ್ಲ ಹರಡಿ, ಅಕ್ಟೋಬರ್ 24ರ ಶುಕ್ರವಾರ ಮುಂಬಯಿ ಷೇರುಪೇಟೆಯ ಸೂಚ್ಯಂಕ ಒಂದೇ ದಿನ 1,070 ಅಂಶಗಳು, ಅಂದರೆ ಸುಮಾರು ಶೇಕಡ 11ರಷ್ಟು ಕುಸಿದು 8,701ರಲ್ಲಿ ನಿಂತಿತು. ಲೇಮನ್ ಸಂಸ್ಥೆ ತ್ರೈಮಾಸಿಕದ ಕೊನೆಯ ದಿನಗಳಲ್ಲಿ ಸುಮಾರು 5,000 ಕೋಟಿ ಡಾಲರ್ ಮೊತ್ತದ ಆಸ್ತಿಗಳನ್ನು ತಾತ್ಕಾಲಿಕವಾಗಿ ಹೊರಗೆ ಸಾಗಿಸಿ, ಸಾಲದ ಹೊರೆ ಕಡಿಮೆಯಿರುವಂತೆ ಅಢಾವೆ ಪತ್ರಿಕೆಯಲ್ಲಿ ತೋರಿಸುತ್ತಿದ್ದುದು 2010ರ ತನಿಖಾ ವರದಿಯಿಂದ ಹೊರಬಿದ್ದಿತು. ಲೆಕ್ಕ ಬರೆದಿದ್ದರೂ ಅದು ನಿಜವನ್ನು ಹೇಳುತ್ತಿರಲಿಲ್ಲ.

ವರ್ತಕರಿಗೆ ಉಳಿಯುವ ಪ್ರಶ್ನೆ

ಸಣ್ಣ ವ್ಯಾಪಾರದಲ್ಲಿಯೂ 1907 ಮತ್ತು 1929 ಎರಡೂ ಬಗೆಯ ಸಂಕಟಗಳು ಬರುತ್ತವೆ. ಕೊಟ್ಟ ಉದರಿ ಮೂರು ತಿಂಗಳಾದರೂ ಬಾರದೆ, ಸರಕು ಒಳ್ಳೆಯದಿದ್ದೂ ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲದಿರುವುದು ಮೊದಲನೆಯದು. ಇದಕ್ಕೆ ಬ್ಯಾಂಕಿನ ಸಾಲ ತಕ್ಕ ಪರಿಹಾರ. ಮಾರಾಟವಾಗದ ದಾಸ್ತಾನು, ಎಂದಿಗೂ ಬಾರದ ಬಾಕಿ, ವರ್ಷದಿಂದ ವರ್ಷಕ್ಕೆ ತಿನ್ನುತ್ತಿರುವ ನಷ್ಟ ಇವು ಎರಡನೆಯದು. ಇಲ್ಲಿ ಹೊಸ ಸಾಲ ಹಳೆಯ ಸಾಲದ ಬಡ್ಡಿಗೆ ಹೋಗುತ್ತದೆ. ಮನೆ, ಒಡವೆಗಳೂ ಅದರ ಹಿಂದೆಯೇ ಹೋಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ಬಾಯಿಪಾಠ. ಆದರೆ ಹಾಸಿಗೆಯ ಉದ್ದವನ್ನು ಅಳೆದು ನೋಡುವವರು ಕಡಿಮೆ.

ಅಳೆಯುವ ಕೆಲಸ ಕಠಿಣವೇನಲ್ಲ. ಪ್ರತಿ ತಿಂಗಳೂ ಬಾಕಿದಾರರ ಪಟ್ಟಿಯನ್ನು ಬಾಕಿಯ ವಯಸ್ಸಿನ ಪ್ರಕಾರ ಬರೆಯುವುದು, ದಾಸ್ತಾನನ್ನು ಕೊಂಡ ಬೆಲೆ ಹಾಗೂ ಇಂದು ಮಾರಿದರೆ ಬರುವ ಬೆಲೆ ಇವೆರಡರಲ್ಲಿ ಕಡಿಮೆಯಾದುದಕ್ಕೆ ಇಳಿಸಿ ನೋಡುವುದು, ಮುಂದಿನ ಮೂರು ತಿಂಗಳಲ್ಲಿ ಕೊಡಬೇಕಾದ ಹಣವನ್ನು ಬರಬೇಕಾದ ಹಣದ ಎದುರಿಗೆ ಇಟ್ಟು ತೂಗುವುದು, ಇಷ್ಟು ಸಾಕು. ಸಂಕಟ ಯಾವ ಬಗೆಯದೆಂಬುದು ಈ ಮೂರು ಹಾಳೆಗಳಲ್ಲಿಯೇ ತಿಳಿದುಬರುತ್ತದೆ.

1907ರಲ್ಲಿ ಸ್ಟ್ರಾಂಗ್ ಅವರ ತಂಡಕ್ಕೆ ದೊರೆತುದು ಒಂದೇ ರಾತ್ರಿ. ಆ ರಾತ್ರಿಯಲ್ಲಿ ನಿಜಸ್ಥಿತಿ ತಿಳಿಯುವಂತೆ ಪುಸ್ತಕವಿದ್ದ ಕಂಪನಿಗೆ ಸಾಲ ದೊರೆಯಿತು. ಇಂದು ಸಂಜೆ ಬ್ಯಾಂಕಿನವರು ಬಂದು ಪುಸ್ತಕ ಕೇಳಿದರೆ ಬೆಳಗಾಗುವುದರೊಳಗೆ ಅವರಿಗೆ ತನ್ನ ವ್ಯಾಪಾರದ ನಿಜಸ್ಥಿತಿ ತಿಳಿಯುವುದೇ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ವರ್ತಕನೂ ವರ್ಷಕ್ಕೊಮ್ಮೆಯಾದರೂ ತನಗೆ ತಾನೇ ಕೇಳಿಕೊಳ್ಳುವುದು ಒಳಿತು. ಅದಕ್ಕೆ ಅಕ್ಟೋಬರ್ 24 ತಕ್ಕ ದಿನ.